ಹರಕೆ ಹಡಗಿನ ಚುಕ್ಕಾಣಿ

ಮಧ್ಯರಾತ್ರಿಯ ಮೇಲೆ ಎಲ್ಲೋ ಒಂದು ರಾಟೆ ಕಿರ್ ಎಂದು ಸುಮ್ಮನಾಯಿತು. ಗುಡ್ಡದ ಮೇಲಿನ ಬಸಿಲಿಕಾ ಚರ್ಚಿನ ಹಿಂಬದಿಯ ಕೋಣೆಯಲ್ಲಿ ಮಲಗಿದ್ದ, ಗಂಟೆ ಬಾರಿಸುವ ಗಂಟೆಯಣ್ಣ, ಗುಡ್ಡದ ಗಾಳಿಗೆ ಇದೆಲ್ಲ ಇದ್ದದ್ದೇ ಎಂದು ಮಗ್ಗುಲು ಬದಲಿಸಿದ. ಬೆಳಿಗ್ಗೆ ಬಾಗಿಲು ತೆರೆದು ತಲೆ ಎತ್ತಿದರೆ, ಛಾವಣಿಯಿಂದ ತೂಗುವ ಹರಕೆ ಹಡಗುಗಳ ಸಾಲಿನಲ್ಲಿ ಒಂದು ಹಲ್ಲು ಬಿದ್ದಂತೆ ಜಾಗ ಖಾಲಿ.

ಗಂಟೆಯಣ್ಣ ಬಂದರು ಠಾಣೆಗೆ ದೂರು ಕೊಟ್ಟದ್ದು ಎಂಟು ಗಂಟೆಗೆ. ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಗುಡ್ಡ ಹತ್ತಿದಳು. ಹಿಂದೆ ಹೆಡ್ ಕಾನ್‌ಸ್ಟೇಬಲ್ ಏದುಸಿರು ಬಿಡುತ್ತಿದ್ದ.

"ಕಳ್ಳನಿಗೆ ಕೆಳಗೆ ಅಂಗಡಿಗಳೇ ಇರಲಿಲ್ವಾ ಮೇಡಂ? ಈ ಕೇಸಿಗೆ ನನ್ನ ಮಂಡಿಯೇ ಮೊದಲ ಸಾಕ್ಷಿ."

ಮೇಲೆ ನಿಂತಾಗ ಅವನೂ ತಿರುಗಿ ನೋಡಿದ. ಕೆಳಗೆ ಇಡೀ ಬಂದರು, ಕ್ರೇನುಗಳು, ಅವಳು ಹುಟ್ಟಿ ಬೆಳೆದ ಓಣಿಗಳ ಹೆಂಚುಗಳು. ಸಮುದ್ರದಿಂದ ಮರಳುವವರಿಗೆ ಊರಿಗಿಂತ ಮೊದಲು ಕಾಣುವುದು ಈ ಗೋಪುರ. ಬದುಕಿ ಬಂದವರು ತಮ್ಮ ಹಡಗಿನ ಮರದ ಮಾದರಿ ಮಾಡಿ ಇಲ್ಲಿ ತೂಗುಹಾಕುತ್ತಾರೆ. ಇಲ್ಲಿ ಕಳ್ಳತನವೆಂದರೆ ಅವಳಿಗೆ ತನ್ನ ಮನೆಗೇ ಕನ್ನ ಬಿದ್ದಂತಾಗಿತ್ತು.

ಬೆಳ್ಳಿಯ ದೀಪಸ್ತಂಭಗಳು ಇದ್ದಲ್ಲೇ ಇದ್ದವು. ಕಂಬದ ಹಿಂದೆ, ಹಡಗನ್ನು ಇಳಿಸಿದ ಹಗ್ಗವನ್ನು ಅಂದವಾಗಿ ಸುರುಳಿ ಸುತ್ತಿ ಗೂಟಕ್ಕೆ ನೇತುಹಾಕಲಾಗಿತ್ತು.

"ಕದಿಯೋಕೆ ಬಂದವನಿಗೆ ಹಗ್ಗ ಸುತ್ತಿಡುವ ವ್ಯವಧಾನ ಎಲ್ಲಿಂದ ಬಂತು?" ಹೆಡ್ ಕಾನ್‌ಸ್ಟೇಬಲ್ ಕೇಳಿದ.

"ಹಡಗಿನವರು ಹಗ್ಗ ನೆಲದ ಮೇಲೆ ಬಿಡಲ್ಲ, ಜೀವ ಹೋದರೂ," ಎಂದಳು ಅವಳು. "ಆದರೆ ಅವರೆಲ್ಲ ಬಲಕ್ಕೆ ಸುತ್ತುತ್ತಾರೆ. ಇದು ಎಡಕ್ಕಿದೆ."

ಗಂಟೆಯಣ್ಣ ಆ ಸುರುಳಿಯನ್ನು ಒಮ್ಮೆ ನೋಡಿ ಮುಖ ತಿರುಗಿಸಿದ್ದನ್ನು ಅವಳು ಗಮನಿಸಿದಳು.

"ಯಾರು?"

"ನಾನು ನೋಡಿಲ್ಲ ಮೇಡಂ."

"ಕಳುವಾದ ಮಾದರಿಯ ಅಸಲಿ ಹಡಗಿನಲ್ಲಿ ನೀವೂ ಇದ್ದಿರಂತೆ?"

"ಇದ್ದೆ. ಬಿರುಗಾಳಿಗೆ ಸಿಕ್ಕಿದ್ವಿ. ಕ್ಯಾಪ್ಟನ್ ಕೈ ಸರಪಳಿಗೆ ಸಿಕ್ಕು ಜಜ್ಜಿಹೋಯ್ತು. ದಡ ಮುಟ್ಟೋವರೆಗೂ ಅವರಿಗೆ ಎಚ್ಚರವೇ ಇರಲಿಲ್ಲ."

ಉಳಿದದ್ದನ್ನು ಚರ್ಚಿನ ಗುರುಗಳು ಹೇಳಿದರು. ನಿನ್ನೆ ಸಂಜೆ ಕೊನೆಗೆ ಬಂದವರು ಕ್ಯಾಪ್ಟನ್. ಹೊರಗೆ ಹೋದದ್ದನ್ನು ಯಾರೂ ನೋಡಿಲ್ಲ. ಭಾನುವಾರ ಆ ಹಡಗನ್ನು ಎಲ್ಲರ ಮುಂದೆ ಇಳಿಸಿ, ದೂಳು ಒರೆಸಿ, ಹಡಗು ಉಳಿಸಿದ ವೀರನೆಂದು ಅವರಿಗೆ ಸನ್ಮಾನ ಮಾಡುವುದಿತ್ತು. ಬಲಗೈಯಲ್ಲಿ ಅವರಿಗೆ ಎರಡೇ ಬೆರಳು, ಕೆಲಸವೆಲ್ಲ ಎಡಗೈಯಲ್ಲೇ.

ಕ್ಯಾಪ್ಟನ್ ತಮ್ಮ ಮನೆಯ ಬಾಗಿಲು ತೆರೆದಾಗ ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರದಲ್ಲಿದ್ದರು. ಮೇಜಿನ ಮೇಲೆ ಹಡಗು, ಪಕ್ಕದಲ್ಲಿ ಸಣ್ಣ ಚಾಕು.

"ತಡ ಮಾಡಿದಿರಿ. ಆಗಲೇ ಬರ್ತೀರಿ ಅಂದುಕೊಂಡಿದ್ದೆ."

"ರಾತ್ರಿ ಎಲ್ಲಿ ಅಡಗಿದ್ದಿರಿ?"

"ಪಾಪನಿವೇದನೆಯ ಗೂಡಿನಲ್ಲಿ. ಅಷ್ಟು ಹೊತ್ತು ಕೂತರೂ ಏನೂ ನಿವೇದಿಸಲಿಲ್ಲ, ನೋಡಿ."

"ಯಾಕೆ ತಂದಿರಿ?"

ಅವರು ಹಡಗನ್ನು ಅವಳತ್ತ ತಿರುಗಿಸಿದರು. ಬೆರಳುದ್ದದ ಮರದ ಗೊಂಬೆಗಳು. ಚುಕ್ಕಾಣಿ ಹಿಡಿದವನ ತಲೆಗೆ ಕೆಂಪು ವಸ್ತ್ರ. ಬಿಳಿ ಟೋಪಿಯ ಗೊಂಬೆ ಮೂಲೆಯಲ್ಲಿ ಮಲಗಿತ್ತು.

"ಇದನ್ನು ಮಾಡಿದ್ದು ನನ್ನ ಹುಡುಗರು, ನಾನು ಆಸ್ಪತ್ರೆಯಲ್ಲಿದ್ದಾಗ. ಇದ್ದದ್ದನ್ನು ಇದ್ದಹಾಗೇ ಮಾಡಿದ್ದಾರೆ. ಕ್ಯಾಪ್ಟನ್ ಹಡಗು ಉಳಿಸಿದ ಅಂತ ಪತ್ರಿಕೆಯವರು ಬರೆದರು. ನಾನು ಅಲ್ಲ ಅನ್ನಲಿಲ್ಲ. ಮೇಲೆ ತೂಗುವಾಗ ಕೆಳಗಿನವರಿಗೆ ಹಡಗಿನ ತಳ ಮಾತ್ರ ಕಾಣೋದು. ಭಾನುವಾರ ಎಲ್ಲರಿಗೂ ಕಾಣ್ತಿತ್ತು."

"ಗೊಂಬೆ ಬದಲಿಸೋಕೆ ತಂದಿರಿ."

"ಹೂಂ. ಚಾಕು ಹಿಡಿದು ಕೂತಲ್ಲೇ ಬೆಳಗಾಯ್ತು. ಅವನ ತಲೆ ಮುಟ್ಟೋಕೆ ಕೈ ಏಳಲಿಲ್ಲ."

"ಯಾರವನು?"

"ನಿಮಗೆ ದೂರು ಕೊಟ್ಟವನೇ."

ನೆರೆಯ ಇಬ್ಬರನ್ನು ಪಂಚರಾಗಿ ಕರೆಸಿ ಪಂಚನಾಮೆ ಮುಗಿಸಿದಳು. ಮಾದರಿ ಹಡಗು ಒಂದು, ಯಾವುದೇ ಹಾನಿ ಇಲ್ಲ. ಬಂಧನದ ಪತ್ರಕ್ಕೆ ಕ್ಯಾಪ್ಟನ್ ಎಡಗೈಯಲ್ಲಿ ಸಹಿ ಹಾಕಿ, ಟೋಪಿ ಸರಿಪಡಿಸಿಕೊಂಡು, ಬೀದಿಯ ಕಣ್ಣುಗಳ ನಡುವೆ ತಲೆ ತಗ್ಗಿಸದೆ ನಡೆದರು.

ಹಡಗನ್ನು ಗುರುತಿಸಲು ಗಂಟೆಯಣ್ಣ ಸಂಜೆ ಠಾಣೆಗೆ ಬಂದ. ಗುರುತಿಸಿದ, ಸಹಿ ಹಾಕಿದ. ಆಮೇಲೆ ಹೋಗದೆ ಕ್ಯಾಪ್ಟನ್ ಕೂತಿದ್ದ ಬೆಂಚಿನ ಬಳಿ ನಿಂತ.

"ನಿನ್ನ ಹೆಸರು ನಾನು ತಿಂದೆ ಕಣೋ," ಎಂದರು ಕ್ಯಾಪ್ಟನ್.

"ಏನು ತಿಂದ್ರಿ? ಆವತ್ತು ಚುಕ್ಕಾಣಿ ಹಿಡಿದ ಕೈ ನನ್ನದು, ಅಷ್ಟೇ. ಬಿದ್ದಲ್ಲಿಂದಲೇ ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಅಂತ ದಾರಿ ಹೇಳಿದ್ದು ನೀವು."

"ನಾನಾ? ನನಗೆ ನೆನಪೇ ಇಲ್ಲ."

"ನೋವಿನಲ್ಲಿ ಎಲ್ಲಿ ನೆನಪಿರುತ್ತೆ? ನನಗಿದೆ."

"ಸುಳ್ಳು ಹೇಳ್ತಿದ್ದೀಯ."

"ಕ್ಯಾಪ್ಟನ್‌ಗೆ ಸುಳ್ಳು ಹೇಳಿ ನನಗೆ ಅಭ್ಯಾಸ ಇಲ್ಲ."

ಕ್ಯಾಪ್ಟನ್ ಅವನನ್ನೇ ನೋಡಿದರು. ಮೆಲ್ಲಗೆ ಅವರ ಬೆನ್ನು ನೆಟ್ಟಗಾಯಿತು. ಗಂಟೆಯಣ್ಣನೂ ಹಾಗೇ ನಿಂತಿದ್ದ, ಕಾವಲಿಗೆ ನಿಂತ ನಾವಿಕನಂತೆ, ಎದೆಯೆತ್ತಿ.

ಇನ್‌ಸ್ಪೆಕ್ಟರ್ ಬರೆಯುತ್ತಿದ್ದ ಪೆನ್ನು ಅರೆಗಳಿಗೆ ನಿಂತಿತು. ಗಂಟೆಯಣ್ಣ ಬಾಗಿಲು ದಾಟುವಾಗ ಅವಳತ್ತ ನೋಡಿದ. ಅವಳಿಗೆ ತಿಳಿದಿದೆ ಎಂಬುದು ಅವನಿಗೂ ತಿಳಿದಿತ್ತು.

"ಮೇಡಂ, ಆವತ್ತು ಇವರಿಗೆ ಎಚ್ಚರ ಇತ್ತಾ?" ಹೆಡ್ ಕಾನ್‌ಸ್ಟೇಬಲ್ ಪಿಸುಗುಟ್ಟಿದ. "ಎಚ್ಚರವೇ ಇರಲಿಲ್ಲ ಅಂತ ಬೆಳಿಗ್ಗೆ ಅವನೇ ಅಂದ ಹಾಗಿತ್ತು."

"ನನಗೆ ಕೇಳಿಸಲಿಲ್ಲ," ಎಂದು ಅವಳು ಕಡತ ಮುಚ್ಚಿದಳು. ಕಳವಿನ ಕಾರಣ ಅದರಲ್ಲಿತ್ತು. ಈ ಸಂಜೆ ಬೆಂಚಿನ ಬಳಿ ನಡೆದದ್ದು ಮಾತ್ರ ಅದರಲ್ಲಿರಲಿಲ್ಲ. ಅದನ್ನು ಇವನಿಗಾಗಲಿ, ಗುರುಗಳಿಗಾಗಲಿ, ಮನೆಯಲ್ಲಿ ಅಮ್ಮನಿಗಾಗಲಿ, ಯಾರಿಗೂ ಹೇಳಬಾರದೆಂದು ಅವಳು ನಿರ್ಧರಿಸಿದಳು.