ಇಪ್ಪತ್ತು ಜನರ ತೂಕದ ಮುದುಕಿ

ಹೊಸ ಔಷಧಿಯ ಕುರಿತ ಲೇಖನದ ಮೇಲೆ ದೊಡ್ಡ ಡಾಕ್ಟರ ಹೆಸರಿತ್ತು, ಅವರ ಅಳಿಯನ ಹೆಸರಿತ್ತು. ಲೆಕ್ಕವೆಲ್ಲ ಮಾಡಿದ ಅವಳದಿರಲಿಲ್ಲ. ಅಳಿಯನಿಗೆ ಸರಾಸರಿ ತೆಗೆಯಲೂ ಬಾರದು! ಆಸ್ಪತ್ರೆಯವರೆಲ್ಲ ಲೆಕ್ಕದ ಮೇಡಂ ಎಂದು ಕರೆಯುತ್ತಿದ್ದ ಅವಳ ಹೊಟ್ಟೆಗೆ ಬೆಂಕಿ ಬಿತ್ತು.

"ನೀನು ನನ್ನ ತಂಗಿ ಇದ್ದ ಹಾಗೆ ಕಣಮ್ಮ. ಹೆಸರಿಗೆ ಯಾಕೆ ತಲೆ ಕೆಡಿಸ್ಕೋತೀಯ? ಮುಂದಿನ ಸಲ ನೋಡೋಣ," ಎಂದರು ಡಾಕ್ಟರು. ಅಷ್ಟರಲ್ಲಿ ಅವರ ತಾಯಿಯ ಫೋನು ಬಂತು. ಕಾಯಿಲೆ ಬಿದ್ದು ಎದ್ದ ಮೇಲೂ ಆ ಮುದುಕಿ ದಿನಾ ಮಗನ ಊಟ ವಿಚಾರಿಸುವುದನ್ನು ಬಿಟ್ಟಿರಲಿಲ್ಲ. "ಆಯ್ತಮ್ಮ, ಈಗ ಉಣ್ತೀನಿ," ಎನ್ನುತ್ತ ಅವರು ಹೊರಟೇಹೋದರು. ತಂಗಿಯಂತೆ, ತಂಗಿ! ನಂಬಿಸಿ ಕತ್ತು ಕೊಯ್ಯುವುದಕ್ಕೂ ಒಂದು ನೆಂಟಸ್ತನ ಬೇಕಿತ್ತೇ?

ಕೆಲಸವೆಲ್ಲ ಅವಳದೇ. ಹೊಸ ಔಷಧಿಯನ್ನು ವಯಸ್ಸಾದವರು ತಾಳಲಾರರು, ಎಂಬತ್ತು ದಾಟಿದವರಿಗಂತೂ ಕೊಡಲೇಬಾರದು ಎಂದು ದೊಡ್ಡ ಡಾಕ್ಟರೇ ನಿಯಮ ಮಾಡಿದ್ದರು. ಹೀಗಾಗಿ ಅದು ಎಳೆಯರಿಗೆ ಸಿಕ್ಕಿತು, ಹಳೆಯದು ಮುದುಕರ ಪಾಲಾಯಿತು. ಎಷ್ಟು ಜನ ಎಷ್ಟು ಕಾಲ ಬದುಕಿದರು ಎಂದು ಗೆರೆ ಎಳೆದರೆ ಹೊಸದು ಗೆದ್ದಂತೆ ಕಾಣುತ್ತದೆ, ಗೆದ್ದದ್ದು ಬರೀ ಪ್ರಾಯವಿರಬಹುದು. "ಯಾರಿಗೆ ಯಾವ ಔಷಧಿ ಯಾಕೆ ಸಿಕ್ತು ಅಂತ ಮೊದಲು ಕೇಳ್ಕೊಳಿ," ಎಂದು ಅವಳು ಅಳಿಯನಿಗೆ ಹೇಳಿ ಹೇಳಿ ಸಾಕಾಗಿದ್ದಳು. ಆಮೇಲೆ ಲೆಕ್ಕದಲ್ಲಿ ಒಬ್ಬೊಬ್ಬರಿಗೂ ತಕ್ಕ ತೂಕ ಕೊಡಬೇಕು. ಹೊಸ ಔಷಧಿ ಪಡೆದ ಅಪರೂಪದ ಮುದುಕರು ಇತರ ಹತ್ತಾರು ಮುದುಕರ ಪರವಾಗಿಯೂ ನಿಲ್ಲಬೇಕು. ಹಾಗೆ ತೂಕ ಹಾಕಿದರೂ ಹೊಸದೇ ಗೆದ್ದಿತ್ತು.

ಗೆಲ್ಲಬಾರದು, ಅಷ್ಟೇ. ಎಂಬತ್ತು ದಾಟಿದವರಲ್ಲಿ ಹೊಸ ಔಷಧಿ ಸಿಕ್ಕಿದ್ದು ಒಬ್ಬ ಹೆಂಗಸಿಗೆ ಮಾತ್ರ. ಹೆಸರಿಲ್ಲ, ಒಂದು ಸಂಖ್ಯೆ. ತೂಕ ಹಾಕಿದಾಗ ಅವಳೊಬ್ಬಳೇ ಇಪ್ಪತ್ತು ಜನರಿಗೆ ಸಮ. ನೂರಾರು ಜನರನ್ನು ಮುಟ್ಟಬೇಕಿಲ್ಲ, ಈ ಮುದುಕಿಯನ್ನು ಕಾಗದದ ಮೇಲೆ ಸಾಯಿಸಿದರೆ ಸಾಕು. ಅದೂ ಔಷಧಿ ಕೊಟ್ಟ ಕೆಲವೇ ದಿನಕ್ಕೆ. ಡಾಕ್ಟರುಗಳು ಗೆರೆ ನೋಡುತ್ತಾರೆಯೇ ಹೊರತು ಅದರ ಹಿಂದಿನ ಸಾಲುಗಳನ್ನಲ್ಲ. ಲೇಖನ ಮಣ್ಣುಪಾಲು, ಅಳಿಯನ ಮುಖ ಹುಳ್ಳಗೆ. ಪಾಪ ಎನಿಸಲಿಲ್ಲವೇ? ಎನಿಸಿತು, ಆ ಔಷಧಿಗಾಗಿ ಕಾಯುತ್ತಿದ್ದವರ ನೆನಪಾಗಿ. ಆದರೂ 'ಬದುಕಿದ್ದಾರೆ' ಎಂಬಲ್ಲಿ 'ತೀರಿಕೊಂಡಿದ್ದಾರೆ' ಎಂದು ಒತ್ತಿದಳು. ಗೆರೆ ಧೊಪ್ಪನೆ ಬಿತ್ತು.

ಸಭೆಯಲ್ಲಿ ಅಳಿಯ ಬೆವರಿದ. ದೊಡ್ಡ ಡಾಕ್ಟರು ಪರದೆಯನ್ನೇ ನೋಡುತ್ತಿದ್ದರು. "ಯಾಕಮ್ಮ ಹೀಗಾಯ್ತು?"

"ಕೊನೇ ಸಲ ತಾಳೆ ನೋಡಿದಾಗ ಗೊತ್ತಾಯ್ತು ಸರ್. ಎಂಬತ್ತು ದಾಟಿದವರೊಬ್ರು ತೀರಿಕೊಂಡಿದ್ದಾರೆ. ಒಬ್ರೇ ಆದ್ರೂ ತೂಕ ಜಾಸ್ತಿ," ಎಂದಳು ಅವಳು.

ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಅದನ್ನು ಮೇಜಿನ ನಡುವೆ ಇಟ್ಟು ಎಲ್ಲರಿಗೂ ಕೇಳುವಂತೆ ಮಾಡಿದರು. "ಊಟ ಆಯ್ತೇನೋ ಮಗಾ?" ಎಂದಿತು ಒಂದು ಮುದಿ ದನಿ. ಎಂಬತ್ತು ದಾಟಿದವರಿಗಿಲ್ಲದ ಔಷಧಿ ಆ ಒಬ್ಬಳಿಗೆ ಮಾತ್ರ ಯಾಕೆ ಸಿಕ್ಕಿತೆಂದು ಲೆಕ್ಕದ ಮೇಡಂ ಕೇಳಿಕೊಂಡೇ ಇರಲಿಲ್ಲ. "ಇನ್ನೂ ಇಲ್ಲಮ್ಮ," ಎಂದರು ಡಾಕ್ಟರು, ಅವಳ ಮುಖದಿಂದ ಕಣ್ಣು ತೆಗೆಯದೆ, "ನಿಯಮ ಮುರಿದು ನಿನಗೊಬ್ಬಳಿಗೇ ಕೊಟ್ಟಿದ್ನಲ್ಲ ಆ ಔಷಧಿ, ಅದರ ಲೆಕ್ಕ ನೋಡ್ತಾ ಇದ್ದೀವಿ."