ಟೊಮೆಟೊ ಬುಟ್ಟಿಯೊಳಗಿನ ಹಲೋ

"ಅಪ್ಪಾ, ಈಗ ಗಾಡಿ ಓಡಿಸ್ತಿದ್ದೀಯಾ?"

"ಹೂಂ, ಸಿಗ್ನಲ್ ದಾಟ್ತಿದ್ದೀನಿ."

"ಮತ್ತೆ ಫೋನ್ ಯಾಕೆ ಎತ್ತಿದೆ? ಓಡಿಸುವಾಗ ಎತ್ತಬಾರದು ಅಂತ ನಿನ್ನೆ ತಾನೇ ಹೇಳಿದ್ದೆ."

ಚೂಟಿಯ ದನಿ ಥೇಟ್ ಅವಳ ಟೀಚರದ್ದೇ. ಶಾಲೆಯಲ್ಲಿ 'ಮೊಬೈಲ್ ಜಾಗ್ರತೆ' ಅಂತ ಚಾರ್ಟ್ ಬರೆದು ಮೊದಲ ಬಹುಮಾನ ಹೊಡೆದ ದಿನದಿಂದ ಮನೆಯಲ್ಲಿ ಅವಳದೇ ದರ್ಬಾರು. ಅಜ್ಜಿ ದಿಂಬಿನಡಿ ಫೋನಿಟ್ಟು ಚಾರ್ಜ್ ಮಾಡುವಂತಿಲ್ಲ. ಚಿಕ್ಕಪ್ಪ ಯಾರಿಗೂ ಓಟಿಪಿ ಹೇಳುವಂತಿಲ್ಲ. ಪಾಪ, ಅವನನ್ನು ಕೇಳಿದವರೂ ಯಾರೂ ಇರಲಿಲ್ಲ. ಫ್ರಿಜ್ ರಿಪೇರಿ ಮಾಡುವ ಅಪ್ಪ ಮಾತ್ರ ಬಗ್ಗುತ್ತಿರಲಿಲ್ಲ. ಹೆಲ್ಮೆಟ್ಟಿನ ಸಂದಿಗೆ ಫೋನ್ ತುರುಕಿಕೊಂಡು ಮಾತಾಡುತ್ತಲೇ ಸ್ಕೂಟರ್ ಓಡಿಸುವುದು ಅವನ ಹಳೇ ಚಾಳಿ. ಅದಕ್ಕೇ ಚೂಟಿ ದಿನಾ ಸಂಜೆ ಅಜ್ಜಿಯ ಫೋನಿನಿಂದ ತಪಾಸಣೆ ನಡೆಸುತ್ತಿದ್ದಳು.

"ನೀನು ಮಾಡಿದ್ದಕ್ಕೆ ಎತ್ತಿದೆ ಕಣೇ," ಅಂದ ಅಪ್ಪ.

"ಯಾರು ಮಾಡಿದ್ರೂ ಎತ್ತಬಾರ..."

ಧಡಾರ್. ಆಮೇಲೆ ಸದ್ದೇ ಇಲ್ಲ.

ಚೂಟಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅಪ್ಪಾ ಅಪ್ಪಾ ಅಂತ ಕೂಗಿದಳು. ಕೊನೆಗೆ ಯಾರೋ ಹೆಂಗಸಿನ ದನಿ ಕೇಳಿತು.

"ಹಲೋ, ನಾನು ತರಕಾರಿ ಮಾರೋಳು. ಈ ಫೋನ್ ನನ್ನ ಟೊಮೆಟೊ ಬುಟ್ಟೀಲಿ ಬಿದ್ದಿದೆ. ಫೋನಿನ ಯಜಮಾನ್ರು ಪಕ್ಕದ ಬುಟ್ಟೀಲಿ ಕೂತಿದ್ದಾರೆ."

"ಅಪ್ಪಂಗೆ ಏನಾಯ್ತು?"

"ಮೊಣಕೈ ತರಚಿದೆ, ಅಷ್ಟೇ. ಹಾಳಾಗಿದ್ದು ಟೊಮೆಟೊ. ಅದಿರ್ಲಿ, ಗಾಡಿ ಓಡಿಸೋ ಮನುಷ್ಯಂಗೆ ಫೋನ್ ಮಾಡಿದ ಪುಣ್ಯಾತ್ಗಿತ್ತಿ ಯಾರಮ್ಮಾ?"

ಚೂಟಿ ಮೆಲ್ಲಗೆ ಫೋನ್ ಇಟ್ಟುಬಿಟ್ಟಳು.

ಅಪ್ಪ ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು, ಜಜ್ಜಿಹೋದ ಮೂರು ಕೆಜಿ ಟೊಮೆಟೊ ಹೊತ್ತು ಮನೆಗೆ ಬಂದ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿ ಚೂಟಿಗೆ ಅಳು ಬಂತು. ಅಂದು ರಾತ್ರಿಯೂ ಟೊಮೆಟೊ, ಮರುದಿನ ಬೆಳಿಗ್ಗೆಯೂ ಟೊಮೆಟೊ.

ಮರುದಿನ ಸಂಜೆ ಆರು ಗಂಟೆಗೆ ಅವಳ ಬೆರಳು ತಾನಾಗಿಯೇ ಅಪ್ಪನ ನಂಬರಿನ ಮೇಲೆ ಹೋಯಿತು. ಅಲ್ಲೇ ನಿಂತಿತು. ಫೋನನ್ನು ಅಜ್ಜಿಯ ಮಡಿಲಿಗೆ ಹಾಕಿ ಮೆಟ್ಟಿಲ ಮೇಲೆ ಕೂತಳು. ಸ್ಕೂಟರ್ ಸದ್ದು ಕೇಳಿದಾಗಲೆಲ್ಲ ಎದ್ದು ನೋಡಿದಳು. ಅಪ್ಪ ಹತ್ತು ನಿಮಿಷ ತಡವಾಗಿ ಬಂದ.

"ಯಾಕಿಷ್ಟು ಲೇಟು?"

"ನಿನ್ನ ಫೋನೇ ಬರಲಿಲ್ವಲ್ಲ. ಏನಾಯ್ತೋ ಅಂತ ಮೂರು ಸಲ ಗಾಡಿ ನಿಲ್ಲಿಸಿ, ಜೇಬಿಂದ ತೆಗೆದು ನೋಡ್ದೆ."

"ನಿಲ್ಲಿಸಿ?"

"ನಿಲ್ಲಿಸಿ."

ಚೂಟಿ ಅವನ ಕೈಯಿಂದ ಹೆಲ್ಮೆಟ್ ಇಸಿದುಕೊಂಡಳು. ಅದರ ಸಂದಿಯಲ್ಲಿ ಇವತ್ತು, ಒಣಗಿದ ಒಂದು ಟೊಮೆಟೊ ಬೀಜ ಬಿಟ್ಟರೆ, ಬೇರೇನೂ ಇರಲಿಲ್ಲ.