ದಿಮ್ಮಿ ಸಂದಿನ ಕರಡಿಗೆ

ಅಂಜನ್ ಕುಮಾರ್ ಗಡಾರಿಯಿಂದ ಇನ್ನೊಮ್ಮೆ ತಿವಿದ. ಎರಡು ದಿಮ್ಮಿಗಳ ನಡುವೆ ತುಂಬಿದ್ದ ಮಣ್ಣು ಹೆಂಟೆಯಾಗಿ ಕಿತ್ತು ನಮ್ಮ ಕಾಲ ಬಳಿ ಬಿತ್ತು. ಹೆಂಟೆ ಒಡೆಯಿತು. ಒಳಗೆ ಬೆಳ್ಳಿ ಮಿನುಗಿತು.

"ನೋಡ್ರಿ! ನಾ ಹೇಳಿದ್ನೋ ಇಲ್ಲೋ?"

ಕೊಟ್ರವ್ವಜ್ಜಿಯ ಕರಡಿಗೆ. ಹಿಂದಿನ ದಿನ, ಸೋಮವಾರ ಬೆಳಿಗ್ಗೆ, ಸ್ನಾನಕ್ಕೆ ಹೋಗುವ ಮುಂಚೆ ಅಜ್ಜಿ ದೇವರ ಮನೆಯ ಗೂಡಿನಲ್ಲಿಟ್ಟಿದ್ದ, ಇಷ್ಟಲಿಂಗವಿರುವ ಪುಟ್ಟ ಬೆಳ್ಳಿಯ ಕರಡಿಗೆ. ಬಂದು ನೋಡಿದರೆ ಗೂಡು ಖಾಲಿ. ಲಿಂಗಪೂಜೆಯಾಗದೆ ಅಜ್ಜಿ ಬಾಯಿಗೆ ಏನನ್ನೂ ಹಾಕುವವರಲ್ಲ. ಆಗಿನಿಂದ ಒಂದು ಗುಟುಕು ನೀರೂ ಇಳಿದಿರಲಿಲ್ಲ.

ಸನೋಬರಕ್ಕ ಹಣೆ ಒತ್ತಿಕೊಂಡರು. "ಗೋಡಿ ಮುಟ್ಟಬ್ಯಾಡ್ರಿ ಅಂತ ಫೋನಿನಾಗೆ ಹೇಳಿದ್ದೆ. ಯಾರಿಗೆ ಹೇಳಿದ್ದೆ ನಾನು? ಗೋಡಿಗಾ?"

ಅಂಜನ್ ಕುಮಾರ್ ಗಡಾರಿಯನ್ನು ಗೋಡೆಗೆ ಒರಗಿಸಿದ.

ದಾವಣಗೆರೆಯ ಮಂಡಿಪೇಟೆಯಲ್ಲಿ, ಮೆಣಸಿನಕಾಯಿ ಅಂಗಡಿಯೊಂದರ ಮಹಡಿಯ ಮೇಲೆ ಸನೋಬರಕ್ಕನ ಪತ್ತೇದಾರಿ ಕಚೇರಿ. ಫೋನ್ ಎತ್ತುವುದು, ಜೊತೆಗೆ ಹೋಗುವುದು ನನ್ನ ಕೆಲಸ. ಅಜ್ಜಿಯ ಮೊಮ್ಮಗಳು ರಶ್ಮಿ ಬೆಳಿಗ್ಗೆ ಫೋನ್ ಮಾಡಿ ಅತ್ತಿದ್ದಳು — "ಅಜ್ಜಿ ಉಳಿಯಲ್ಲ ಅಕ್ಕಾ. ಪೊಲೀಸ್ರು ಬ್ಯಾಡ ಅಂತಾನೆ ಅಪ್ಪ. ಗೋಡಿ ಒಡೀತೀವಿ ಅಂತಾರೆ." ಹರಿಹರದವರೆಗೆ ಬಸ್ಸು, ಅಲ್ಲಿಂದ ಆಟೋ. ಕಡರನಾಯಕನಹಳ್ಳಿಯ ಈ ಹೊಲದ ಮನೆ ಮುಟ್ಟುವಷ್ಟರಲ್ಲಿ ಎರಡು ಮೂರು ಸಂದುಗಳ ಮಣ್ಣು ಆಗಲೇ ನೆಲಕ್ಕೆ ಬಿದ್ದಿತ್ತು.

ಗೋಡೆಯೂ ವಿಚಿತ್ರದ್ದೇ. ರಶ್ಮಿಯ ಅಪ್ಪ ಮಹೇಂದ್ರ ಮೊಬೈಲಿನಲ್ಲಿ ಯಾವುದೋ ಚಳಿ ದೇಶದ ಮರದ ಮನೆ ನೋಡಿ, ಕರೂರಿನಲ್ಲಿ ಕೆಡವಿದ ಹಳೆಯ ಶೆಡ್ಡಿನ ನೀಲಗಿರಿ ದಿಮ್ಮಿಗಳನ್ನು ತಂದು ಒಂದರ ಮೇಲೊಂದು ಅಡ್ಡಲಾಗಿ ಪೇರಿಸಿದ್ದರು. ದಿಮ್ಮಿಗಳು ನೆಟ್ಟಗಿದ್ದರೆ ತಾನೆ? ನಡುವೆ ಕೈ ತೂರುವಷ್ಟು ಸಂದು. ಭತ್ತದ ಹುಲ್ಲು ಬೆರೆಸಿ ತುಳಿಸಿದ ಕೆಸರು ಮಣ್ಣನ್ನು ಆ ಸಂದುಗಳಿಗೆ ತುಂಬುತ್ತಿದ್ದವಳು ಅದೇ ಊರಿನ ಅಂಜಿನವ್ವ. ಈಗ ಅವಳು ಅಂಗಳದಲ್ಲಿ, ಮೊಣಕೈವರೆಗೆ ಒಣಗಿದ ಮಣ್ಣಿನೊಂದಿಗೆ ನಿಂತಿದ್ದಳು.

"ಆಕಿ ತುಂಬಿದ ಗೋಡಿಯಾಗೆ ಸಿಕ್ತು. ಇನ್ನೇನು ಕೇಳೋದೈತ್ರಿ?" ಎಂದರು ಮಹೇಂದ್ರ.

"ನಾ ಇಟ್ಟಿಲ್ಲ," ಎಂದಳು ಅಂಜಿನವ್ವ.

"ಮತ್ತೆ ಗೋಡಿ ತಾನೇ ಬಾಯಿ ತೆಗೆದು ನುಂಗ್ತಾ?" ಎಂದ ಅಂಜನ್ ಕುಮಾರ್. ಅವನು ರಶ್ಮಿಯ ಗಂಡ. ಮಂಡಿಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ.

ರಶ್ಮಿ ಕರಡಿಗೆಯನ್ನೂ ತಂಬಿಗೆ ನೀರನ್ನೂ ಹಿಡಿದು ಒಳಗೆ ಓಡಿದಳು. ನಾವೂ ಹೋದೆವು. ಅಜ್ಜಿ ಮಂಚದ ಮೇಲೆ ಗೋಡೆಗೊರಗಿ ಕುಳಿತಿದ್ದರು. ತುಟಿ ಒಡೆದಿತ್ತು. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡರು. ನೀರಿನ ತಂಬಿಗೆಯನ್ನು ಮಾತ್ರ ಅತ್ತ ದೂಡಿದರು.

"ಇಟ್ಟವರ್ಯಾರು?"

"ಅಂಜಿನವ್ವನಂತೆ ಅಜ್ಜಿ."

"ಅಂತೆ ಅಂದ್ರೆ? ಯಾರಾರ ಕಂಡ್ರಾ? ಒಬ್ಬಾಕೀನ ಸುಮ್‌ಸುಮ್ನೆ ಕಳ್ಳಿ ಅಂದು, ನಾ ಲಿಂಗದ ಮುಂದೆ ಕಣ್ಣು ಮುಚ್ಕೊಂಡು ಕೂಡ್ಲಾ? ಖರೇ ತಿಳೀಲಿ. ಆಮ್ಯಾಲೆ ಪೂಜೆ. ಆಮ್ಯಾಲೆ ನೀರು."

"ಅವ್ವಾ, ಹಟ ಬ್ಯಾಡ—"

"ನೀ ಸುಮ್ಕಿರು ಮಹೇಂದ್ರ."

ಸನೋಬರಕ್ಕ ಹೊರಗೆ ಬಂದು ನನ್ನ ಕಡೆ ತಿರುಗಿದರು. "ಅಜ್ಜಿಗೆ ಹಟ, ಮಗನಿಗೆ ಅವಸರ, ಅಳಿಯನಿಗೆ ಗಡಾರಿ. ಹೆಂಗ್ ಮಾಡ್ಲಿ ನಾನು? ಆ ಮುದುಕಿ ಸಂಜಿ ತನಕ ತಡೆಯಂಗಿಲ್ಲ. ಒಬ್ಬೊಬ್ಬರನ್ನೇ ಕರಿ."

ಮೊದಲು ಅಂಜನ್ ಕುಮಾರ್‌ನನ್ನು ಮನೆಯ ಹಿಂದಕ್ಕೆ ಕರೆದೆ.

"ನೀವು ಏನು ಕಂಡ್ರಿ?" ಎಂದು ಸನೋಬರಕ್ಕ ಕೇಳಿದರು.

"ಎಲ್ಲಾ ಕಂಡೆ ಮೇಡಂ. ನಿನ್ನೆ ಬೆಳಿಗ್ಗೆ ಅಜ್ಜಿ ಸ್ನಾನಕ್ಕೆ ಹೋದ್ರು. ಅಂಜಿನವ್ವ ಅಲ್ಲಿ ಗುಂಡಿಯಾಗೆ ಎತ್ತು ತಿರುಗಿಸಿ ಮಣ್ಣು ತುಳಿಸಿದ್ಲು. ಬುಟ್ಟಿ ತುಂಬ್ಕೊಂಡು ದೇವರ ಮನಿ ಕಡೆ ಹೋದ್ಲು. ಆಮ್ಯಾಲೆ ಈ ಗೋಡಿಗೆ ಬಂದು ಮಣ್ಣು ಒತ್ತಿದ್ಲು."

"ಎತ್ತು ಎಷ್ಟೊತ್ತು ತಿರುಗಿದ್ವು?"

"ಅರ್ಧ ಗಂಟೆ ಇರಬೋದು. ದಿನಾ ಮಾಡೋ ಹಂಗೆ."

"ಕರಡಿಗೆ ಕಂಡ್ರಾ?"

"ಸೆರಗಿನಾಗೆ ಏನೋ ಇತ್ತು. ಗೋಡಿ ಒಡೀರಿ ಅಂತ ನಿನ್ನೇನೇ ಹೇಳ್ದೆ. ಮಾವ ಕೇಳಲಿಲ್ಲ."

ಮಹೇಂದ್ರ ಬಂದರು. ಕೂರುವ ಮೊದಲೇ ಮಾತು ಶುರು.

"ಹೊಸದಾಗಿ ಮಣ್ಣು ಮೆತ್ತಿದ ಗೋಡಿ ಹೆಂಗ್ರಿ ಒಡೆಯೋದು? ಬಣವಿ ಹುಡುಕಿದ್ವಿ, ಕೊಟ್ಟಿಗೆ ಹುಡುಕಿದ್ವಿ, ಅವ್ವನ ಹಾಸಿಗಿ ಬಿಚ್ಚಿ ಹತ್ತಿ ಕೂಡ—"

"ಅಳಿಯ ನಿಮಗೆ ಏನು ಹೇಳಿದ್ರು, ಅಷ್ಟು ಹೇಳ್ರಿ."

"ಅದೇ, ಅಂಜಿನವ್ವ ನಿನ್ನೆ ಎತ್ತು ಕಟ್ಟಿ ಮಣ್ಣು ತುಳಿಸಿ, ಅದರಾಗೆ ಮುಚ್ಚಿಟ್ಲು ಅಂತ."

"ಇನ್ನೊಮ್ಮೆ ಹೇಳ್ರಿ."

"ನಿನ್ನೆ ಎತ್ತು ಕಟ್ಟಿ ಮಣ್ಣು ತುಳಿಸಿ... ಯಾಕ್ರಿ? ಇದ್ರಾಗೇನೈತೆ?"

ಸನೋಬರಕ್ಕ ಅವರನ್ನೇ ನೋಡಿದರು. ಮಹೇಂದ್ರರ ಮುಖದಲ್ಲಿ ಏನೂ ಹೊಳೆಯಲಿಲ್ಲ. "ಏನಿಲ್ಲ. ಹೋಗ್ರಿ. ಯಾ ಅಲ್ಲಾ," ಎಂದು ನಿಟ್ಟುಸಿರು ಬಿಟ್ಟರು.

ಅಂಜಿನವ್ವ ಬರಲು ಒಪ್ಪಲಿಲ್ಲ. ಕೊನೆಗೆ ನಾವೇ ಮಣ್ಣಿನ ಗುಂಡಿಯ ಬಳಿ ಹೋದೆವು. ಅವಳು ಬುಟ್ಟಿ, ಸಲಿಕೆ, ನೀರಿನ ಬಾಟಲಿ ಎತ್ತಿಡುತ್ತಿದ್ದಳು.

"ನಿನ್ನೆ ಏನು ಕೆಲಸ ಮಾಡ್ದಿ?"

"ಬಿರುಕು ಬಿಟ್ಟಿತ್ತು. ನೀರು ಚಿಮುಕಿಸಿ ಕೈಯಾಡಿಸಿದೆ. ಹೋದೆ."

"ಹೊಸ ಸಂದು ತುಂಬಲಿಲ್ಲ?"

"ಇಲ್ಲ."

"ಯಾಕ?"

"ಕೇಳಿದ್ದಕ್ಕೆಲ್ಲ ಹೇಳೋಕೆ ನಾನೇನು ಕಟಕಟೆಯಾಗೆ ನಿಂತೀನಾ? ಮಂದಿ ಮುಂದೆ ಕಳ್ಳಿ ಅಂದಾಯ್ತು. ನನ್ನ ಮಗಳ ನೆಂಟಸ್ತನಕ್ಕೆ ನಾಡಿದ್ದು ಗಂಡಿನ ಕಡೇರು ಬರ್ತಾರೆ. ಈ ಊರಾಗೆ ಯಾವ ಬಾಯಿ ಮುಚ್ಲಿ ನಾನು?"

ಸನೋಬರಕ್ಕ ದನಿ ತಗ್ಗಿಸಿದರು. "ಅಳಿಯಂದ್ರಿಗೂ ನಿನಗೂ ಏನಾರ ಐತಾ?"

"ಹೋದ ಬ್ಯಾಸಿಗಿಯಾಗೆ ಇದೇ ಸಂದಿಗೆ ಅವರು ತಮ್ಮ ಅಂಗಡಿ ಡಬ್ಬಿಯಿಂದ ನೊರೆ ಹೊಡೆದಿದ್ರು. ಕಲ್ಲಿನಂಗೆ ಗಟ್ಟಿಯಾಗ್ತದೆ ಅಂದ್ರು. ಅಳಿಲು ಕಿತ್ಕೊಂಡು ಹೋಗಿ ಗೂಡು ಕಟ್ಟಿದ್ವು. ಆಮ್ಯಾಲೆ ಅಜ್ಜಿ ನನ್ನ ಕರೆಸಿದ್ರು. ಊರಾಗೆ ಎಲ್ಲಾ ಅವರಿಗೆ ನೊರೆ ಅಳಿಯ ಅಂತಾರೆ."

"ಆ ಹೆಸರು ಇಟ್ಟವರ್ಯಾರು?"

ಅಂಜಿನವ್ವ ಸಲಿಕೆಯ ಕಡೆ ನೋಡಿದಳು. "ನಾನೇ."

ಅವರು ಮಾತಾಡುತ್ತಿದ್ದಾಗ ನಾನು ಗೋಡೆಯ ಬುಡಕ್ಕೆ ಹೋಗಿ ಬಿದ್ದ ಹೆಂಟೆಗಳನ್ನು ಮುಟ್ಟಿ ನೋಡುತ್ತಿದ್ದೆ. ಒಂದನ್ನು ಮುರಿದೆ. ಇನ್ನೊಂದನ್ನು ಮುರಿದೆ. ಕರಡಿಗೆ ಸಿಕ್ಕ ಹೆಂಟೆಯ ಒಂದು ಹೋಳನ್ನು ಮುರಿಯಲು ಹೋದರೆ ಅದು ಮುರಿಯಲಿಲ್ಲ, ಒಳಗಿನ ಹುಲ್ಲಿಗೆ ಜೋತುಬಿತ್ತು. ಮುರಿದದ್ದೊಂದನ್ನೂ ಇದನ್ನೂ ತಂದು ಸನೋಬರಕ್ಕನ ಅಂಗೈಯಲ್ಲಿಟ್ಟೆ.

"ಬಾಯಿಲೆ ಹೇಳಬಾರ್ದೇನೇ?" ಎಂದು ಗದರಿದರು. ಆಮೇಲೆ ಹೆಂಟೆಗಳನ್ನು ಬಿಸಿಲಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಎತ್ತಿನ ಯಜಮಾನ ಯಾರು? ಕರಿ."

ಪಕ್ಕದ ಹೊಲದ ಗೋಣೆಪ್ಪ ಕರೆಯುವ ಮೊದಲೇ ಬೇಲಿಯ ಬಳಿ ನಿಂತಿದ್ದ. ಎಲ್ಲರೂ ಅಜ್ಜಿಯ ಮಂಚದ ಸುತ್ತ ಸೇರಿದರು. ಅಂಜಿನವ್ವ ಮಾತ್ರ ಒಳಗೆ ಬರಲಿಲ್ಲ. ಹೊರಗೆ ನಿಂತವಳ ಸೀರೆಯ ಬಣ್ಣ ಒಡೆದ ಸಂದಿನಲ್ಲಿ ಕಾಣುತ್ತಿತ್ತು.

"ಗೋಣೆಪ್ಪಣ್ಣ, ನಿನ್ನೆ ಈ ಗುಂಡಿಯಾಗೆ ನಿಮ್ಮ ಎತ್ತು ಎಷ್ಟೊತ್ತು ತಿರುಗಿದ್ವು?"

ಗೋಣೆಪ್ಪ ಬೆಂಕಿ ತಾಕಿದವನಂತೆ ಹಾರಿಬಿದ್ದ. "ನಿನ್ನೆ? ಸೋಮವಾರ? ಏನ್ ಮಾತು ಅಂತ ಆಡ್ತೀರಿ! ನಮ್ಮಪ್ಪನ ಕಾಲದಿಂದ ಸೋಮವಾರ ಎತ್ತಿನ ಮ್ಯಾಲೆ ನೊಗ ಇಟ್ಟಿಲ್ಲ. ಬಸವಣ್ಣನ ದಿನ. ಯಾವನ್ರಿ ಹಂಗಂದವ?"

ಮಹೇಂದ್ರ ಹಣೆ ಚಚ್ಚಿಕೊಂಡರು.

"ಈಗ ಚಚ್ಕೊಳ್ರಿ," ಎಂದರು ಸನೋಬರಕ್ಕ. "ನಿಮ್ಮ ಬಾಯಿಂದ ಎರಡು ಸಲ ಹೇಳಿಸಿದೆ. ಈ ಸೀಮೆಯಾಗೆ ಕೂಸಿಗೂ ಗೊತ್ತಿರೋ ಮಾತು. ನಮ್ಮಪ್ಪ ಹರಿಹರದಾಗೆ ಬಾಡಿಗಿ ಗಾಡಿ ಹೊಡೀತಿದ್ದ. ಸಾಬರ ಗಾಡಿ. ಅವನೂ ಸೋಮವಾರ ಎತ್ತು ಹೂಡ್ತಿರಲಿಲ್ಲ. ಅಷ್ಟು ಗೊತ್ತಿದ್ದೂ ನೀವ್ಯಾರೂ ಕಿವಿ ಕೊಡಲಿಲ್ಲ. ಕಳ್ಳಿ ಸಿಕ್ಕಿದ್ಲಲ್ಲ, ಸಾಕಾಯ್ತು!"

ಹೆಂಟೆಗಳನ್ನು ಮಂಚದ ಮೇಲಿಟ್ಟರು.

"ಇದು ಅಂಜಿನವ್ವ ಭಾನುವಾರ ತುಂಬಿದ ಸಂದಿಂದು. ಎತ್ತಿನ ಗೊರಸಿಗೆ ಸಿಕ್ಕು ಹುಲ್ಲು ನುಚ್ಚಾಗೈತೆ, ಮಣ್ಣು ಅಂಟಾಗೈತೆ. ಇದು ಕರಡಿಗೆ ಇದ್ದದ್ದು. ಹುಲ್ಲು ಮೊಳದುದ್ದ ಹಂಗೇ ಐತೆ. ತುಳಿಸಿದ್ದಲ್ಲ ಇದು. ಯಾರೋ ಬಕೀಟಿನಾಗೆ ಅವಸರಕ್ಕೆ ಕಲಸಿ ಒತ್ಯಾರೆ."

"ಅಂಜಿನವ್ವನೇ ಕೈಲೆ ಕಲಸಿರಬೋದಲ್ಲ?" ಎಂದ ಅಂಜನ್ ಕುಮಾರ್.

"ಕಲಸಿರಬೋದು. ಹಂಗಾದ್ರೆ ಇಲ್ಲದ ಎತ್ತು ನಿಮಗೆಲ್ಲಿ ಕಂಡ್ವು?"

ಅಂಜನ್ ಕುಮಾರ್ ಬಾಗಿಲ ಕಡೆ ಸರಿದ.

"ನೀವು ಪೇಟೆಯವರು, ಇಲ್ಲಿಗೆ ಬರೋದು ಅಂಗಡಿ ರಜಾ ಇದ್ದಾಗ, ಭಾನುವಾರ. ಎತ್ತು ತಿರುಗೋದನ್ನ ಭಾನುವಾರ ನೋಡೀರಿ. ದಿನಾ ಹಿಂಗೇ ಅಂದ್ಕೊಂಡ್ರಿ. ಈ ಸಲ ಸೋಮವಾರವೂ ಉಳಿದ್ರಿ. ಅಂಜಿನವ್ವ ಬಿರುಕಿಗೆ ನೀರು ಸವರಿ ಹೋದ ಮ್ಯಾಲೆ ಖಾಲಿ ಸಂದೊಂದಕ್ಕೆ ಕರಡಿಗೆ ತುರುಕಿ ಮಣ್ಣು ಮೆತ್ತಿದ್ರಿ. ಕಂಡೆ ಅಂತ ಕಥಿ ಕಟ್ಟಿದ್ರಿ. ಕಥಿಯಾಗೆ ಎತ್ತು ಹೂಡಿದ್ರಿ. ಹೌದೋ ಅಲ್ಲೋ?"

"ಹೌದೇನ್ರಿ?" ಎಂದಳು ರಶ್ಮಿ.

ಅಂಜನ್ ಕುಮಾರ್ ಗಂಡನ ಗತ್ತು ಬಿಟ್ಟು ನೆಲ ನೋಡಿದ. "ಸಂಜಿಗೆ ಸಿಗ್ತದೆ ಅಂದ್ಕೊಂಡಿದ್ದೆ. ಅಂಜಿನವ್ವನ್ನ ಕೆಲಸದಿಂದ ಬಿಡಿಸ್ತಾರೆ, ಅಷ್ಟೇ. ಬಸ್ ಸ್ಟ್ಯಾಂಡಿನಾಗೆ ಕೂಡ ನೊರೆ ಅಳಿಯ ಬಂದ ಅಂತಾರೆ ಕಣೇ... ಅಜ್ಜಿ ನೀರೂ ಬಿಡ್ತಾರೆ ಅಂತ ನಂಗೆ ಖರೇನೂ ಗೊತ್ತಿರಲಿಲ್ಲ."

"ಮದುವಿ ದಿನ ನಿಮಗೂ ಲಿಂಗ ಕಟ್ಟಿದ್ರಲ್ರಿ! ಎಲ್ಲೈತದು?" ಎಂದು ರಶ್ಮಿ ಅತ್ತಳು.

"ಬೀರುವಿನಾಗೆ."

ಸನೋಬರಕ್ಕ ಕಣ್ಣು ಮುಚ್ಚಿಕೊಂಡರು.

ರಶ್ಮಿ ಅಳುತ್ತಲೇ ತಂಬಿಗೆ ಎತ್ತಿದಳು. "ಖರೇ ತಿಳೀತಲ್ಲ ಅಜ್ಜಿ. ಈಗಾರ ಕುಡಿ."

ಅಜ್ಜಿ ತಂಬಿಗೆ ಮುಟ್ಟಲಿಲ್ಲ. ಮಂಚದಿಂದ ಕಾಲಿಳಿಸಿದರು. ಮಹೇಂದ್ರ ಹಿಡಿಯಲು ಹೋದರೆ ಕೈ ಕೊಡವಿ, ದಿಮ್ಮಿಗಳನ್ನು ಹಿಡಿದು ಹಿಡಿದು ಹೊರಗೆ ನಡೆದರು. ಅಂಜಿನವ್ವ ಬುಟ್ಟಿ ತಲೆಗೇರಿಸುತ್ತಿದ್ದಳು.

"ನಿನ್ನ ಬಾಟ್ಲಿಯಾಗೆ ನೀರೈತೇನವ್ವ?"

ಅಂಜಿನವ್ವ ಅಜ್ಜಿಯ ಹಿಂದೆ ನಿಂತಿದ್ದ ಮಹೇಂದ್ರರನ್ನು ನೋಡಿದಳು. "ನಮ್ಮನಿ ನೀರು ಅದು."

"ಹಾಕು."

ಕರಡಿಗೆ ಬಿಚ್ಚಿ ಅಜ್ಜಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ಅಂಜಿನವ್ವ ಬುಟ್ಟಿ ಕೆಳಗಿಟ್ಟು, ತುಸು ತಡೆದು, ನೀರು ಸುರಿದಳು. ಅಜ್ಜಿಯ ಅಂಗೈಗೆ ಅಂಟಿದ್ದ ಕರಡಿಗೆಯ ಮಣ್ಣು ಬೆರಳ ಸಂದಿನಿಂದ ಹರಿದು ಹೋಯಿತು. ಅಜ್ಜಿ ಕಣ್ಣು ಮುಚ್ಚಿದರು, ತುಟಿ ಅಲುಗಿತು. ಪೂಜೆ ಅಷ್ಟೇ. ಆಮೇಲೆ ಅದೇ ಬಾಟಲಿಯ ನೀರನ್ನು ಬಲಗೈಯೊಡ್ಡಿ ಕುಡಿದರು. ಕೆಮ್ಮು ಬಂತು. ಮತ್ತೆ ಕುಡಿದರು.

"ನಾಳೆ ಕೆಲಸಕ್ಕೆ ಬಾ ಅಂಜಿನವ್ವ. ಇವರೆಲ್ಲ ಊರಾಗೆ ನಿನ್ನ ಮನಿ ಮುಂದೆ ನಿಂತು ತಪ್ಪಾತು ಅಂತಾರೆ. ನಾ ಅನ್ನಿಸ್ತೀನಿ."

"ಅನ್ಲಿ. ಗಂಡಿನ ಕಡೇರು ಬರೋದ್ರೊಳಗೆ ಅನ್ಲಿ," ಎಂದಳು ಅಂಜಿನವ್ವ. "ಆದ್ರೆ ಈ ಗೋಡಿಗೆ ಇನ್ನ ನಾ ಕೈ ಹಚ್ಚಂಗಿಲ್ಲ."

"ಇಷ್ಟೊಂದು ಸಂದು ಬಿಟ್ಟು ಹೆಂಗವ್ವ? ಗಾಳಿ, ಹಾವು—" ಎಂದರು ಮಹೇಂದ್ರ.

"ಆಕಿ ಹೇಳಿದ್ದು ಸರಿ ಐತೆ," ಎಂದು ಅಜ್ಜಿ ಮತ್ತೆ ಬಲಗೈಯೊಡ್ಡಿದರು.